ಉಸಿರಾಡುವ ಕ್ಯಾನು

ಖಜೂರಿ ಊರಿನ ಸ್ಪೀಡ್ ಬ್ರೇಕರ್ ದಾಟಿದ ಕೂಡಲೇ ರಸ್ತೆ ಪಕ್ಕ ಅಣ್ಣಾರಾಯನ ಹೊಲ. ಬೆಳಿಗ್ಗೆ ಗಂಡ ಹೆಂಡತಿ ಹೋದಾಗ ಅಲ್ಲೊಂದು ನೀಲಿ ಕ್ಯಾನು ಅಡ್ಡ ಬಿದ್ದಿತ್ತು. ಹರಗಿದ ಮೆತ್ತನೆ ಮಣ್ಣಾದ್ದರಿಂದ ಒಡೆದಿರಲಿಲ್ಲ. ಅಣ್ಣಾರಾಯ ಎರಡೂ ಕೈಯಿಂದ ಎತ್ತಿ, ಒಟ್ಟಿದ್ದ ಒಣ ತೊಗರಿ ಕಟ್ಟಿಗೆಗೆ ಆನಿಸಿ ನಿಲ್ಲಿಸಿದ.

"ನೀರು ತುಂಬಿಡಾಕ ಚಲೋ ಆಗ್ತದ," ಎಂದ.

ಹೆಂಡತಿ ಮಲ್ಕಮ್ಮ ಬಗ್ಗಿ ನೋಡಿದಳು. ಹಳದಿ ಚೀಟಿಯ ಮೇಲೊಂದು ಚಕ್ರ, ಚಕ್ರದ ಮೇಲೆ ಬೆಂಕಿ. ಮುಚ್ಚಳದ ನಡುವೆ ಸಣ್ಣ ತೂತು. ಕಿವಿಗೊಟ್ಟರೆ ಸುಸ್ಸೆನ್ನುತ್ತಿತ್ತು.

"ಇದು ಉಸಿರಾಡಾಕತ್ತದ ನೋಡ್ರಿ!"

"ಸೋರಾಕತ್ತಿರಬೇಕು ಬೇ. ಪ್ಲಾಸ್ಟಿಕ್ ಸುತ್ತಿ ಬಿಗಿದ್ರ ಆಯ್ತು."

"ತಡೀರಿ. ಚೀಟ್ಯಾಗ ಫೋನ್ ನಂಬರ್ ಅದ, ಕೇಳ್ತೇನಿ."

ಫೋನ್ ಎತ್ತಿದವಳು ಕ್ಯಾನು ಕಳಿಸಿದ ಕಾರ್ಖಾನೆಯ ರಾಧಿಕಾ. "ತೂತು ಮುಚ್ಚಬೇಡಿ, ಕ್ಯಾನು ಉಬ್ಬಿ ಒಡೆಯುತ್ತೆ. ಎಲ್ಲರೂ ದೂರ ನಿಲ್ಲಿ, ನಮ್ಮ ಲಾರಿಯಿಂದ ಬಿದ್ದಿರಬೇಕು, ಅದನ್ನೇ ವಾಪಸ್ ಕಳಿಸ್ತೀನಿ. ಯಾರಾದ್ರೂ ಮುಟ್ಟಿದ್ದೀರಾ?"

ಮಲ್ಕಮ್ಮ ಗಂಡನ ಕೈ ನೋಡಿದಳು. ಬೆರಳ ತುದಿಗಳು ಸುಣ್ಣದಂತೆ ಬಿಳಿ! ಚುರುಗುಟ್ಟುತ್ತಿದ್ದರೂ ಅವನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದನಷ್ಟೇ. ರಾಧಿಕಾ ಹೇಳಿದಂತೆ ಬೋರಿನ ಪೈಪಿನ ಕೆಳಗೆ ಕೈ ಹಿಡಿದು ಕೂತ. ಮುಖ ಬಾಡಿಹೋಗಿತ್ತು.

ಮಧ್ಯಾಹ್ನದೊಳಗೆ ಲಾರಿ ಮರಳಿತು. ಡ್ರೈವರ್ ಜಮೀರ ಕೈಗವಸು, ಕನ್ನಡಕ ಹಾಕಿಕೊಂಡು ಕ್ಯಾನನ್ನು ನೆಟ್ಟಗೆ ಎತ್ತಿ ಬಯಲಿಗೆ ತಂದಿಟ್ಟ. ಅದು ತಾಗಿದ್ದ ಕಟ್ಟಿಗೆಗೆಲ್ಲ ನೀರು ಸುರಿದ. ಮಲ್ಕಮ್ಮ ದೂರದಿಂದಲೇ ಕೇಳತೊಡಗಿದಳು.

"ಒಳಗೇನದ ತಮ್ಮಾ?"

"ಪೆರಾಕ್ಸೈಡ್ ಅಕ್ಕಾ. ನೂಲು ಬೆಳ್ಳಗ ಮಾಡೋದು. ಸೋಲಾಪುರದ ಟವೆಲ್ ಮಿಲ್ಲಿಗೆ ಹೊಂಟಿತ್ತು."

"ಮತ್ತ ಚೀಟ್ಯಾಗ ಬೆಂಕಿ ಯಾಕ?"

"ತಾನು ಉರಿಯಂಗಿಲ್ಲ, ಉರಿಯೋದಕ್ಕ ಜೋರು ಕೊಡ್ತದ. ಒಣ ಕಟ್ಟಿಗಿ ಮ್ಯಾಲ ಚೆಲ್ಲಿದ್ರ ಕಡ್ಡಿ ಗೀರೋದೇ ಬ್ಯಾಡ, ತಾನೇ ಹತ್ತಬಹುದು."

"ಉಸಿರು?"

"ನಿಂತಲ್ಲೇ ಚೂರು ಚೂರೇ ನೀರಾಗಿ ಗಾಳಿ ಬಿಡ್ತದ. ಆ ಗಾಳಿಗೆ ಹಾದಿ ಬೇಕಲ್ಲ?"

ಅಣ್ಣಾರಾಯ ಹಸಿ ಕೈ ಚಾಚಿದ. ಜಮೀರ ನೋಡಿ, "ಬಣ್ಣ ತಿರುಗಿ ಬರ್ತದ್ರಿ. ಕಣ್ಣಿಗೆ ಸಿಡಿದಿದ್ರ ಮಾತೇ ಬ್ಯಾರೆ ಇತ್ತು," ಎಂದ.

"ಅಷ್ಟೆಲ್ಲ ಗೊತ್ತಿದ್ದೂ ಬಿತ್ತು ಹ್ಯಾಂಗ?" ಎಂದಳು ಮಲ್ಕಮ್ಮ.

ಜಮೀರ ಲಾರಿಯ ಹಿಂದೆ ಕರೆದೊಯ್ದು ತೋರಿಸಿದ. ಹಿಂಬಾಗಿಲ ಕೊಂಡಿ ಸವೆದಿತ್ತು, ತಂತಿ ಸುತ್ತಿದ್ದ. ಅದು ಸರಿಯಾಗದೆ ಹೋಗಗೊಡುವುದಿಲ್ಲವೆಂದು ಮಲ್ಕಮ್ಮ ಲಾರಿಯ ಮುಂದೆ ನಿಂತೇಬಿಟ್ಟಳು. ಕೊನೆಗೆ ಅಣ್ಣಾರಾಯನೇ ಟ್ರ್ಯಾಕ್ಟರಿನ ಸರಪಳಿ ತಂದು ಕೊಟ್ಟ. ಜಮೀರ ಕ್ಯಾನನ್ನು ನೆಟ್ಟಗೆ ಲಾರಿಗೆ ಏರಿಸಿ, ಹಿಂಬಾಗಿಲಿಗೆ ಸರಪಳಿ ಬಿಗಿದು, ಎಳೆದೆಳೆದು ನೋಡಿ, ನಿಧಾನವಾಗಿ ಹೊರಟ.

ಸಂಜೆಗೆ ಅಣ್ಣಾರಾಯನ ಬೆರಳ ಬಿಳುಪು ಹೋಗಿ ಮೊದಲಿನ ಬಣ್ಣ ಮರಳಿತು.