ಮಗ್ಗದ ಪಕ್ಕದ ಪಾಮ್ ಗಿಡ

ತವರಿಗೆ ಬಂದ ಕೆಲವು ವಾರಗಳ ಮೇಲೆ ಮತ್ತೊಮ್ಮೆ ಹೋಗಿ ಮೇನಕಾ ಗಂಡನ ಮನೆಯಿಂದ ವಾಪಸು ತಂದದ್ದು ಎರಡೇ: ಸರ್ಟಿಫಿಕೇಟುಗಳ ಫೈಲು ಮತ್ತು ಸಾಯುತ್ತಿದ್ದ ಒಂದು ಪಾಮ್ ಗಿಡ. ಬೀರು, ಮಂಚ, ಪಾತ್ರೆ ಯಾವುದನ್ನೂ ಮುಟ್ಟಬಾರದೆಂದು ಅವಳ ಅಪ್ಪ ಆರುಮುಗಂ ಮೊದಲೇ ಹೇಳಿ ಕಳಿಸಿದ್ದ. ಮದುವೆಗೆ ಕೊಟ್ಟ ಸಾಮಾನು ಹಿಂದಕ್ಕೆ ಬಂದರೆ ಸಂಬಂಧ ಮುಗಿಯಿತೆಂದು ಅವರ ನೇಕಾರರ ಬೀದಿ ತೀರ್ಮಾನಿಸಿಬಿಡುತ್ತದೆ. ಗಿಡ ಯಾರೂ ಕೊಟ್ಟದ್ದಲ್ಲ. ಮದುವೆಯಾದ ಹೊಸದರಲ್ಲಿ ಏರ್ಕಾಡು ರಸ್ತೆಯ ನರ್ಸರಿಯಲ್ಲಿ ಅವಳೇ ಕೊಂಡು, ಮಲಗುವ ಕೋಣೆಯ ಮೂಲೆಯಲ್ಲಿ ಇಟ್ಟಿದ್ದಳು. ಅವಳು ಮನೆ ಬಿಟ್ಟ ಮೇಲೆ ಗಂಡ ಶರವಣಕುಮಾರ್ ಅದಕ್ಕೆ ನೀರು ಹಾಕಿರಲಿಲ್ಲ. ಇದ್ದಾಗಲೂ ಹಾಕಿದವನಲ್ಲ.

ಹಿತ್ತಲಿನಲ್ಲಿ ಅಮ್ಮ ಮಂಗಮ್ಮ ಕುಂಡ ಬಿಚ್ಚಲು ಕೂತಳು. ಬೇರುಗಳು ಒಳಗೇ ಸುತ್ತಿ ಸುತ್ತಿ ಪ್ಲಾಸ್ಟಿಕ್ಕನ್ನು ಉಬ್ಬಿಸಿದ್ದವು, ಬುಡದ ತೂತಿನಿಂದ ಹೊರಗೂ ಬಂದಿದ್ದವು. ಎಳೆದರೆ ಬರಲಿಲ್ಲ. ನೂಲು ಕತ್ತರಿಸುವ ಚಾಕುವಿನಿಂದ ಕುಂಡವನ್ನು ಉದ್ದಕ್ಕೆ ಸೀಳಿದಳು. ಕೊಳೆತ ವಾಸನೆ ಬಂತು. ಮೇಲಿನ ಮಣ್ಣು ಕೆದಕಿದಾಗ ಸಿಗರೇಟಿನ ತುಂಡುಗಳು ಸಿಕ್ಕವು, ಒಂದು ಹಿಡಿಯಷ್ಟು.

ಮೇನಕಾಳ ಎಡ ತೋಳಿನಲ್ಲಿ ಅದೇ ಅಗಲದ ಗುಂಡನೆಯ ಸುಟ್ಟ ಕಲೆಗಳಿದ್ದವು. ತವರಿಗೆ ಬಂದ ದಿನವೇ ಅವಳು ಅವನ್ನು ತೋರಿಸಿದ್ದಳು. ಎಣ್ಣೆ ಸಿಡಿದಿರಬೇಕು ಎಂದಿದ್ದ ಆರುಮುಗಂ. ಮಂಗಮ್ಮ ಆಗ ಏನೂ ಅಂದಿರಲಿಲ್ಲ. ಈಗ ತುಂಡುಗಳನ್ನು ದಿನತಂದಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಒಲೆಗೆ ಹಾಕಿ ಬಂದು, ಕಪ್ಪಾದ ಬೇರುಗಳನ್ನು ಕತ್ತರಿಸತೊಡಗಿದಳು.

ಪೇಂಟಿನ ಹಳೆಯ ಬಕೆಟ್ಟಿಗೆ ಕಾದ ಕಂಬಿಯಿಂದ ತೂತು ಮಾಡಿದರು. ಕೆಮ್ಮಣ್ಣು, ಮರಳು, ತೆಂಗಿನ ನಾರಿನ ಪುಡಿ, ಒಣಗಿದ ಸಗಣಿಗೊಬ್ಬರ ಬೆರೆಸಿದರು. ಒಣಗಿದ ಗರಿಗಳನ್ನು ಮೇನಕಾ ಕೊಯ್ದು ಹಾಕಿದಳು. ಉಳಿದದ್ದು ಮೂರು ಗರಿ, ನಡುವೆ ಕಂದು ಬಣ್ಣದ ಸುಳಿ. ಸುಳಿಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿತ್ತು.

ಬಿಸಿಲು ನೇರ ಬೀಳದ, ಆದರೆ ಬೆಳಕಿರುವ ಜಾಗವೆಂದರೆ ಗುಂಡಿಮಗ್ಗದ ಕಿಟಕಿಯ ಪಕ್ಕವೇ. ಅಲ್ಲಿಡುವಾಗ ಮಂಗಮ್ಮ ನೂಲಿಗೆ ಹಚ್ಚುವ ಗಂಜಿಯ ಬಕೆಟ್ಟನ್ನು ದೂರ ಸರಿಸಿದಳು. ಅನ್ನದ ಗಂಜಿ ಗಿಡಕ್ಕೆ ಒಳ್ಳೆಯದು. ಆದರೆ ಈ ಗಂಜಿಗೆ ಬೂಷ್ಟು ಹಿಡಿಯದಂತೆ ಮೈಲುತುತ್ತದ ನೀಲಿ ವಿಷಪುಡಿ ಕಲಸಿರುತ್ತಾರೆ. ಹಿಂದೊಮ್ಮೆ ಪಕ್ಕದ ಮನೆಯವಳು ಮರೆತು ಸುರಿದು ಒಂದು ನುಗ್ಗೆಮರವನ್ನೇ ಕಳೆದುಕೊಂಡಿದ್ದಳು.

"ಒಂದ್ ತೊಟ್ಟೂ ಬೀಳ್ಬಾರ್ದು ಕಣೆ. ಬೇರು ಬೆಂದೋಯ್ತದೆ," ಎಂದಳು.

ಮೇನಕಾ ಬೆಳಿಗ್ಗೆ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕುತ್ತಿದ್ದಳು. ಒದ್ದೆ ಬಟ್ಟೆಯಿಂದ ಗರಿಗಳ ಮೇಲಿನ ಹತ್ತಿಯ ಧೂಳು ಒರೆಸುತ್ತಿದ್ದಳು. ಆಮೇಲೆ ಅಮ್ಮನ ಜೊತೆ ನೂಲು ಸುತ್ತಲು ಕೂರುತ್ತಿದ್ದಳು. ಬೇಸಿಗೆಯಲ್ಲಿ ಎರಡು ಗರಿ ಒಣಗಿದವು. ಪೊರಕೆಗೆ ನೀರು ಹಾಕುತ್ತಾಳೆಂದು ಆರುಮುಗಂ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ತಮಿಳರ ಆಷಾಢವಾದ ಆಡಿ ತಿಂಗಳು ಬಂತು. ಬೀದಿಯ ಹೆಂಗಸರು ಮೇನಕಾ ಆಡಿಗೆ ತವರಿಗೆ ಬಂದಿದ್ದಾಳೆಂದು ತಾವೇ ಹೇಳಿಕೊಂಡರು. ಆರುಮುಗಂಗೆ ಅದು ಅನುಕೂಲವಾಯಿತು. ಆದರೆ ಆಡಿ ಮುಗಿಯುತ್ತದೆ. ಮುಂದಿನ ಆವಣಿ ತಿಂಗಳಲ್ಲಿ ಕರೆದುಕೊಂಡು ಹೋಗುತ್ತೇವೆಂದು ಶರವಣಕುಮಾರನ ಸೋದರಮಾವ ಎರಡು ಸಲ ಫೋನ್ ಮಾಡಿದ. ಕಳಿಸುತ್ತೇನೆ ಎನ್ನಲೂ ಆರುಮುಗಂಗೆ ಧೈರ್ಯವಿರಲಿಲ್ಲ, ಕಳಿಸುವುದಿಲ್ಲ ಎನ್ನಲೂ ಇರಲಿಲ್ಲ. ಒಂದು ಶುಕ್ರವಾರ ಚೌಡೇಶ್ವರಿಯ ಪಟದ ಮುಂದೆ ನಿಂತು, ಗಿಡ ಚಿಗುರಿದರೆ ಮಗಳ ಸಂಸಾರವೂ ಚಿಗುರುತ್ತದೆಂದು ತಿಳಿದು ಕಳಿಸುವೆ, ಸತ್ತರೆ ಕಳಿಸುವುದಿಲ್ಲ ಎಂದು ಹರಕೆಯಂತೆ ಹೇಳಿಬಿಟ್ಟ. ಅದನ್ನೇ ಶರವಣಕುಮಾರನ ಸೋದರಮಾವನಿಗೂ ತಿಳಿಸಿದ.

ಸುಳಿ ಬಿಚ್ಚಿಕೊಂಡದ್ದು ಅದಾದ ಮೇಲೆ. ಬೆರಳಷ್ಟು ಉದ್ದದ ಎಳೆ ಹಸಿರು ಮೊದಲು ಕಂಡದ್ದು ಮೇನಕಾಗೆ. ಅಪ್ಪನ ಕಣ್ಣಿಗೆ ಬೀಳದಂತೆ ತೊಳೆದ ಸೀರೆಯನ್ನು ಕಿಟಕಿಗೂ ಗಿಡಕ್ಕೂ ಹರವಿ ಮರೆ ಮಾಡಿದಳು. ಒಂದು ದಿನ ಆರುಮುಗಂ ಬೆಳಕು ಸಾಲದೆಂದು ಸೀರೆ ಎಳೆದ. ಗಿಡ ನೋಡಿದ. ಕರ್ಪೂರ ಹಚ್ಚಿ, ನೇರವಾಗಿ ಫೋನ್ ತೆಗೆದುಕೊಂಡ.

"ನಾನ್ ಓಗಲ್ಲಪ್ಪಾ," ಎಂದಳು ಮೇನಕಾ.

"ಚೌಡೇಶ್ವರಿ ಅಮ್ಮ ಉತ್ತರ ಕೊಟ್ಟವ್ಳೆ. ನಾನೇನ್ ಮಾಡ್ಲಿ?"

"ಗಿಡಕ್ಕೆ ನೀರ್ ಆಕಿದ್ದು ನಾನು."

"ಆಕ್ದೋಳು ನೀನೇ, ಸರಿ. ಉಳಿಸ್ದೋಳು ಅವ್ಳು," ಎಂದು ಅವನು ದೇವರ ಪಟ ತೋರಿಸಿದ. ಅವನ ಮುಖದಲ್ಲಿ ನಿರಾಳವಿತ್ತು. ತೀರ್ಮಾನ ತನ್ನದಲ್ಲವೆಂಬ ನಿರಾಳ.

ಮರುದಿನ ನೇಯ್ದ ಸೀರೆಗಳನ್ನು ಒಪ್ಪಿಸಲು ಅಪ್ಪ ಅಮ್ಮ ಇಬ್ಬರೂ ನೇಕಾರರ ಸೊಸೈಟಿಗೆ ಹೋದರು. ಗಂಜಿಯ ಬಕೆಟ್ಟಿನಲ್ಲಿ ಕಾಲು ಭಾಗ ಉಳಿದಿತ್ತು, ಮೇಲೆ ಕೆನೆ ಕಟ್ಟಿತ್ತು. ಮೇನಕಾ ಪೊಟ್ಟಣದಿಂದ ಇನ್ನಷ್ಟು ಮೈಲುತುತ್ತ ತೆಗೆದು ಬಿಸಿನೀರಿನಲ್ಲಿ ಕರಗಿಸಿ ಅದಕ್ಕೆ ಕಲಸಿದಳು. ಬುಡದ ಸುತ್ತ ನಿಧಾನವಾಗಿ ಸುರಿದಳು. ಮಣ್ಣು ಕುಡಿಯುವವರೆಗೆ ಕಾದು ಮತ್ತೆ ಸುರಿದಳು. ಗಿಡದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಕೊನೆಗೆ, ಅಭ್ಯಾಸದಂತೆ, ಗರಿಯ ಮೇಲೆ ಸಿಡಿದದ್ದನ್ನು ಒರೆಸಿದಳು.

ಎಳೆಯ ಗರಿಯ ತುದಿ ಮೊದಲು ಕಂದಿತು. ವಾರದೊಳಗೆ ಸುಳಿ ಬಾಗಿತು. ಆರುಮುಗಂ ಹಿಡಿದು ನೋಡಿದಾಗ ಬುಡಸಮೇತ ಕೈಗೆ ಬಂತು, ತುದಿಯಲ್ಲಿ ಕೊಳೆ. ಅದನ್ನು ಹಿಡಿದೇ ಅವನು ಮಗಳ ಕಡೆ ತಿರುಗಿದ.

ಮಂಗಮ್ಮ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮಣ್ಣಿನ ಮೇಲೆ ನೀಲಿ ಹೊಪ್ಪಳೆ ಕಟ್ಟಿತ್ತು. ಆ ನೀಲಿಯನ್ನು ಅವಳು ಮದುವೆಯಾಗಿ ಬಂದಾಗಿನಿಂದ ತನ್ನ ಕೈಯಲ್ಲೇ ಕಲಸುತ್ತಿದ್ದಾಳೆ. ಗಂಡನಿಗೆ ಬೆನ್ನು ಮಾಡಿ, ಹೊಪ್ಪಳೆಯನ್ನು ಅಂಗೈಯಿಂದ ಕೆರೆದು ಸೆರಗಿಗೆ ಹಾಕಿಕೊಂಡಳು.

"ಬೇರು ಮೊದ್ಲೇ ಕೊಳ್ತಿತ್ತು," ಎಂದಳು. "ಚೌಡೇಶ್ವರಿನೇ ಬ್ಯಾಡ ಅಂತಾವ್ಳೆ. ಅವರ್ಗೆ ಪೋನ್ ಮಾಡ್ಬುಡ್ರಿ."

ಆರುಮುಗಂ ಮಾಡಿದ. ಆ ಕಡೆಯ ಸೋದರಮಾವ ಜಗಳ ಮಾಡಲಿಲ್ಲ. ಆವಣಿ ಆಗದಿದ್ದರೆ ಸಂಕ್ರಾಂತಿಯ ತೈ ತಿಂಗಳಲ್ಲಿ ಬರುತ್ತೇವೆ, ಹುಡುಗಿಯ ಮನಸ್ಸೂ ಅಷ್ಟರಲ್ಲಿ ಸರಿಹೋಗುತ್ತದೆ ಎಂದ. ಆಗಲಿ ಎಂದು ಆರುಮುಗಂ ಫೋನ್ ಇಟ್ಟ.

ಮಂಗಮ್ಮ ಬಕೆಟ್ಟನ್ನು ಹಿತ್ತಲಿಗೆ ಒಯ್ದು ಸತ್ತ ಗಿಡವನ್ನು ಕಿತ್ತಳು. ಮಗಳ ಮುಖ ನೋಡಲಿಲ್ಲ.

"ತೈನಾಗೆ ತಿರ್ಗಾ ಬತ್ತಾರೆ. ಅವಾಗ ಸಾಯ್ಸಕ್ಕೆ ಗಿಡ ಇರಲ್ಲ. ಬಾಯಲ್ಲೇ ಬ್ಯಾಡ ಅನ್ಬೇಕು."

"ನೀನೂ ಅಂತೀಯಾಮ್ಮಾ?"

ಮಂಗಮ್ಮ ಬಕೆಟ್ಟಿನ ಮಣ್ಣನ್ನು ಕರಿಬೇವಿನ ಬುಡಕ್ಕೆ ಹಾಕಲು ಹೊರಟವಳು ನಡುವೆ ನಿಂತಳು. ಮಣ್ಣಿನಲ್ಲಿ ಇನ್ನೂ ನೀಲಿಯಿತ್ತು. ತಿರುಗಿ ಬಂದು, ಮನೆ ಹಾಯ್ದು, ಬೀದಿಯ ಚರಂಡಿಗೆ ಸುರಿದಳು.