ಅಕ್ಷರವಿಲ್ಲದ ಗೋಡೆ

ವಾಚಕ ಮಹಾಶಯರೇ, ತಂದೆಯ ದೇಹವನ್ನು ಹಜಾರದಲ್ಲಿ ಶವಪೆಟ್ಟಿಗೆಯೊಳಗೆ ಮಲಗಿಸಿ ಎಲ್ಲರೂ ಶವವಾಹನದ ದಾರಿ ಕಾಯುತ್ತಿರುವಾಗ, ಕಿರಿಮಗಳು ಒಳಕೋಣೆಯಲ್ಲಿ ಹಳೆಯ ವಿಡಿಯೊ ಡಿಸ್ಕುಗಳನ್ನು ಒಂದೊಂದಾಗಿ ತಡಕುತ್ತಿದ್ದಳೆಂದರೆ, ಅವಳದು ಕಲ್ಲೆದೆಯೆಂದು ತಾವು ಅವಸರದ ತೀರ್ಪು ಕೊಡಬಾರದಾಗಿ ವಿನಂತಿ. ಅವಳು ಹುಡುಕುತ್ತಿದ್ದುದು ತನ್ನನ್ನೇ.

ಗೋಡೆಯುದ್ದಕ್ಕೂ ಸಪೂರ ಹಲಗೆಗಳು. ಅವುಗಳ ಮೇಲೆ ಡಿಸ್ಕಿನ ಡಬ್ಬಿಗಳು ಮುಖ ಮುಂದೆ ಮಾಡಿ ನಿಂತಿದ್ದವು. ಪ್ರತಿಯೊಂದರ ಮೇಲೂ ಒಳಗಿನ ವಿಡಿಯೊದಿಂದಲೇ ತೆಗೆದ ಒಂದು ಚಿತ್ರ. ನಲವತ್ತು ವರ್ಷ ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದ ತಂದೆಯ ಕೈ ಇಲ್ಲಿ ಒಂದೇ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದ ಮೇಲೆ ಹೆಂಡತಿಗೆ ಮಾತೂ ಓದೂ ಹೋಗಿದ್ದವು. ಚಿತ್ರ ನೋಡಿ, ಬೇಕಾದ ವಿಡಿಯೊದ ಮೇಲೆ ಬೆರಳಿಡಲಷ್ಟೇ ಆಗುತ್ತಿತ್ತು.

ಮೂರುಗಾಲಿ ಸೈಕಲ್ಲಿನ ಮೇಲೆ ಅಣ್ಣ. ಆಕಳಿಸುತ್ತಿರುವ ಸೋದರತ್ತೆ. ಪಕ್ಕದ ಮನೆಯ ನಾಯಿ. ಕಿರಿಮಗಳ ಮುಖ ಮಾತ್ರ ಎಲ್ಲಿಯೂ ಇರಲಿಲ್ಲ.

"ನನಗೆ ಸಿಕ್ಕಿದ್ದು ನೋಡು, ಆಕಳಿಕೆ!" ಸೋದರತ್ತೆ ಬಾಗಿಲಲ್ಲಿ ನಿಂತು ಮೂಗೊರೆಸಿಕೊಂಡಳು. "ಬಾಯಿ ಮುಚ್ಚಿರೋ ಅಕ್ಕ ಎಲ್ಲೂ ಸಿಗಲಿಲ್ವಂತೆ ನಿಮ್ಮಪ್ಪನಿಗೆ."

"ಮುಚ್ಚಿದ್ರೆ ತಾನೇ ಸಿಗೋದು ಅತ್ತೆ," ಎಂದ ಕಿರಿಮಗಳು ನಗಲು ಹೋಗಿ ತಡೆದುಕೊಂಡಳು. "ನಾಯಿಗೂ ಜಾಗ ಇದೆ. ನನ್ನನ್ನ ಮಾತ್ರ ಒರೆಸಿಬಿಟ್ರು."

*

ಆರು ವರ್ಷದ ಹಿಂದೆ, ಬಣ್ಣದ ಡಬ್ಬಿಗಳ ನಡುವೆ ಕುಂಚ ತೊಳೆಯುತ್ತಿದ್ದ ತಂದೆಯ ಮುಂದೆ ಅವಳು ಬಸ್ಸಿನ ಕೆಲಸದ ಆದೇಶಪತ್ರವನ್ನಿಟ್ಟಿದ್ದಳು.

"ಡ್ರೈವರಾ? ನನ್ನ ಕುಂಚ ಯಾರು ಹಿಡೀತಾರೆ?"

"ಈಗ ಬೋರ್ಡನ್ನೆಲ್ಲ ಮಿಷನ್ನೇ ಬರೆಯುತ್ತಪ್ಪ."

ಆ ಮಾತು ಅವನ ಮರ್ಮಕ್ಕೆ ತಾಗಿತು. ಅವನು ಮತ್ತೆ ಮಾತಾಡಲಿಲ್ಲ. ಅವಳು ಮತ್ತೆ ಮನೆಗೆ ಬರಲಿಲ್ಲ. ತಾಯಿಗೆ ಲಕ್ವಾ ಹೊಡೆದ ಸುದ್ದಿಯೂ ಅಣ್ಣನ ಫೋನಿನಿಂದಲೇ ತಿಳಿದದ್ದು. ಅಪ್ಪ ಕರೆಯಲಿ ಎಂದು ಹಠ ಹಿಡಿದಳು.

*

"ಕೆಳಗಿನ ಸಾಲು ನೋಡಿದ್ಯಾ?" ಸೋದರತ್ತೆ ಕೇಳಿದಳು.

"ಯಾರೋ ಎರಡು ಜಡೆ ಹುಡುಗಿ. ಹತ್ತಕ್ಕೆ ಹತ್ತೂ ಬೆನ್ನೇ."

"ಯಾರೋ ಅಂತೆ! ತನ್ನ ಬೆನ್ನು ತನಗೆ ಕಾಣದು ಅನ್ನೋದು ಸುಳ್ಳಲ್ಲ ಕಣೆ."

ಕಿರಿಮಗಳು ನೆಲಕ್ಕೆ ಕುಕ್ಕರಿಸಿದಳು. ಎಡಭುಜ ಚೂರು ತಗ್ಗಿಸಿ ನಿಂತ ಹುಡುಗಿ: ಸಮುದ್ರದ ಕಡೆಗೆ, ಶಾಲೆಯ ಗೇಟಿನ ಕಡೆಗೆ, ಯಾವುದೋ ಬಸ್ಸಿನ ಕಡೆಗೆ ಮುಖ ಮಾಡಿ.

"ನಿಮ್ಮಪ್ಪ ಮೊದಲು ನಿನ್ನ ಮುಖಾನೇ ಅಂಟಿಸಿದ್ದ," ಎಂದಳು ಸೋದರತ್ತೆ. "ಅದನ್ನ ಕಂಡ್ರೆ ಸಾಕು, ನಿಮ್ಮಮ್ಮ ಬೀದಿಬಾಗಿಲು ತೆಗೆದು ನಿನ್ನ ದಾರಿ ಕಾಯ್ತಾ ನಿಂತ್ಬಿಡೋಳು. ಊಟಕ್ಕೆ ಕರೆದ್ರೂ ಒಳಗೆ ಬರೋಳಲ್ಲ. ನೋಡೋಕಾಗದೆ ಎಲ್ಲ ಕಿತ್ತು, ವಿಡಿಯೊಗಳನ್ನೆಲ್ಲ ಮತ್ತೆ ತಿರುವಿಹಾಕಿ, ಆ ಕಡೆ ತಿರುಗಿರೋ ನಿನ್ನ ಹೆಕ್ಕಿದ. ಈಗ್ಲೂ ಅವಳ ಬೆರಳು ಮೊದಲು ಹೋಗೋದು ಆ ಸಾಲಿಗೇ. ನೋಡ್ತಾಳೆ, ನಗ್ತಾಳೆ. ಬಾಗಿಲಿಗೆ ಮಾತ್ರ ಹೋಗಲ್ಲ."

"ನನಗೊಂದು ಫೋನ್ ಮಾಡಬಾರದಿತ್ತಾ ಅಪ್ಪ?"

"ನೀನು ಮಾಡಬಾರದಿತ್ತಾ?"

ಹೊರಗೆ ವಾಹನ ನಿಂತ ಸದ್ದಾಯಿತು. ಅಣ್ಣ ಕರೆದ: "ಬಾರೇ, ಒಂದು ಕೈ ಕಮ್ಮಿ ಬಿದ್ದಿದೆ."

ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ತಾಯಿ ಕುಳಿತಿದ್ದಳು. ಬಿಸಿಲಿಗೆ ಕಪ್ಪಿಟ್ಟು ಕನ್ನಡಕ ಏರಿದ ಮಗಳ ಮುಖವನ್ನು ಅವಳು ಬೆಳಿಗ್ಗೆ ಪರಕೀಯರ ಮುಖದಂತೆ ನೋಡಿ ಕಣ್ಣು ತಿರುಗಿಸಿದ್ದಳು. ಈಗ ಆ ಮಗಳು ಅವಳಿಗೆ ಬೆನ್ನು ಮಾಡಿ ಬಾಗಿ, ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು.

ಭುಜಗಳ ನಡುವೆ ಒಂದು ಬೆರಳು ಬಂದು ನಿಂತಿತು. ಆಮೇಲೆ ಇಡೀ ಅಂಗೈ.

"ಎತ್ತಿ," ಎಂದರು ಯಾರೋ. ಅವಳು ಎತ್ತಲಿಲ್ಲ, ತಿರುಗಲೂ ಇಲ್ಲ.

ಕಥೆ ಹೇಳುವವನು ಇಲ್ಲಿಗೆ ಕಾಗದ ಮಡಚಿ, ಚೀಲ ಹೆಗಲಿಗೇರಿಸಿ, ಮುಂದಿನ ಊರಿನ ಹಾದಿ ಹಿಡಿದಿದ್ದಾನೆ. ಹಜಾರದಲ್ಲಿ ಐದು ಜನ ಪೆಟ್ಟಿಗೆಯನ್ನು ಅರ್ಧಕ್ಕೆತ್ತಿ ಕಾಯುತ್ತಿದ್ದಾರೆ. ಆರನೆಯವಳು ಉಸಿರು ಬಿಗಿಹಿಡಿದು, ಬೆನ್ನು ಅಲುಗದಂತೆ ನಿಂತಿದ್ದಾಳೆ.