ಮಡಚಿಕೊಂಡ ಕನ್ನಡಿಗಳು

ವೃತ್ತದ ಬಳಿಯ ಉಬ್ಬನ್ನು ದಾಟಿದ್ದೇ ತಡ, ಕಾರಿನ ಎರಡೂ ಪಕ್ಕದ ಕನ್ನಡಿಗಳು ಗುರ್ರೆಂದು ಸದ್ದು ಮಾಡುತ್ತ ಒಳಕ್ಕೆ ಮಡಚಿಕೊಂಡವು. ಅವಳು ಆಗಷ್ಟೇ ಬಲಕ್ಕೆ ಸರಿಯಲು ಹೊರಟಿದ್ದಳು. ಹಿಂದೆ ಸ್ಕೂಟರೊಂದು ಬರುತ್ತಿದ್ದುದು ಕಾಣಲಿಲ್ಲ. ಟೈರು ಕಿರುಚಿದ ಸದ್ದಿಗೆ ಬೆಚ್ಚಿ ಅವಳೂ ಬ್ರೇಕ್ ಒತ್ತಿದಳು. ಸ್ಕೂಟರಿನವನು ಪಕ್ಕಕ್ಕೆ ಬಂದು ಗಾಜನ್ನು ಬೆರಳ ಗೆಣ್ಣಿನಿಂದ ಕುಟ್ಟಿದ.

"ಕನ್ನಡಿ ಬಿಚ್ಕೊಂಡು ಓಡ್ಸಿ ಮೇಡಂ. ಮುಚ್ಚಿಟ್ಕೊಳ್ಳೋಕೆ ಅದೇನು ಒಡವೇನಾ?"

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳ ಮೈ ಉರಿದದ್ದೂ ಅದಕ್ಕೇ. ಬಟನ್ ಒತ್ತಿದಳು. ಮತ್ತೆ ಒತ್ತಿದಳು. ಕನ್ನಡಿಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೈಯಿಂದ ಎಳೆಯಲು ಭಯ. ಹಾಗೆ ಎಳೆದರೆ ಮೋಟಾರಿನ ಹಲ್ಲು ಮುರಿಯುತ್ತದೆಂದು ಸರ್ವೀಸ್ ಸೆಂಟರಿನವರು ಹೆದರಿಸಿ ಕಳಿಸಿದ್ದರು. ಊರಿನವರ ಹಾರ್ನುಗಳನ್ನೆಲ್ಲ ಕೇಳಿಸಿಕೊಳ್ಳುತ್ತ ಕಾರನ್ನು ಬದಿಗೆ ತಂದು, ಎಂಜಿನ್ ಆರಿಸಿ, ಸ್ವಲ್ಪ ಕಾದು ಮತ್ತೆ ಚಾಲೂ ಮಾಡಿದಳು. ಎರಡೂ ಕನ್ನಡಿಗಳು ತಮಗೇನೂ ಗೊತ್ತೇ ಇಲ್ಲವೆಂಬಂತೆ ತೆರೆದುಕೊಂಡವು.

ಕಾರು ಕೊಂಡ ಹೊಸತರಲ್ಲಿ ಈ ಕನ್ನಡಿಗಳೇ ಮನೆಯವರಿಗೆಲ್ಲ ತಮಾಷೆಯ ವಸ್ತುವಾಗಿದ್ದವು. ಬೀಗ ಹಾಕಿದರೆ ಸಾಕು, ತಾವಾಗಿಯೇ ಮಡಚಿಕೊಳ್ಳುತ್ತವೆ ಎಂದು ಗಂಡ ಬಂದವರಿಗೆಲ್ಲ ಹಾಕಿ ತೆಗೆದು ತೋರಿಸಿದ್ದ. ಅವಳು ಡ್ರೈವಿಂಗ್ ಕಲಿತು, ಕಾರು ತೆಗೆದುಕೊಂಡು ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ತಮಾಷೆ ಅವಳ ಮೇಲೆ ತಿರುಗಿತು. ಅವಳು ಓಡಿಸುವಾಗ ಮಾತ್ರ ಕನ್ನಡಿಗಳಿಗೆ ಹುಚ್ಚು ಹಿಡಿಯುತ್ತಿತ್ತು. ಗಂಡ ಅದೇ ರಸ್ತೆಯಲ್ಲಿ, ಅದೇ ಉಬ್ಬುಗಳ ಮೇಲೆ ಓಡಿಸಿಕೊಂಡು ಬಂದರೆ ಏನೂ ಇಲ್ಲ. ಡಾಕ್ಟರ ಮುಂದೆ ಬಾಯಿ ತೆರೆದ ಕೂಡಲೇ ಹಲ್ಲುನೋವು ಮಾಯವಾದ ಹಾಗೆ.

"ನೀನು ಏನೋ ಒತ್ತಿರ್ತೀಯ ಕಣೇ," ಎನ್ನುತ್ತಿದ್ದ ಗಂಡ.

"ನಾನು ಏನನ್ನೂ ಮುಟ್ಟಿಲ್ಲ ರೀ."

"ಗೊತ್ತಿಲ್ಲದೆ ಒತ್ತಿರ್ತೀಯ. ಗೊತ್ತಿಲ್ಲದೆ ಒತ್ತಿದ್ದು ಗೊತ್ತಾಗಲ್ಲ."

ಅತ್ತೆಯಂತೂ ಟಿವಿಯಿಂದ ಕಣ್ಣು ಕೀಳದೆಯೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ತೀರ್ಪು ಕೊಟ್ಟುಬಿಟ್ಟಿದ್ದರು. ಅದರಲ್ಲಿ ಕೆಡುಕೇನೂ ಇರಲಿಲ್ಲ, ಅತ್ತೆ ಮಗನಿಗೂ ಹೀಗೇ ಅನ್ನುತ್ತಿದ್ದರು. ಆದರೆ ಮಗ ಅಂದದ್ದನ್ನು ನಂಬುತ್ತಲೂ ಇದ್ದರು.

ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನೀಶಿಯನ್. ಊರಾಚೆ ಹೊಸ ಶಾಖೆ ತೆರೆಯುತ್ತಿದ್ದರು. ಅದರ ಜವಾಬ್ದಾರಿಯನ್ನು ದೊಡ್ಡ ಡಾಕ್ಟರು ಅವಳಿಗೇ ಕೊಡುವುದಾಗಿ ಹೇಳಿದ್ದರು. ಅವಳಿಗಿಂತ ಕಿರಿಯರು ಅವಳ ತಲೆಯ ಮೇಲೆ ಬಂದು ಕೂತದ್ದನ್ನು ಸುಮ್ಮನೆ ನೋಡಿದ್ದವಳಿಗೆ ಇದು ತಾನಾಗಿ ಒಲಿದು ಬಂದದ್ದು. ಆದರೆ ಜನ ಖಾಲಿ ಹೊಟ್ಟೆಯಲ್ಲಿ ಬರುವ ಕೆಲಸ ಅದು, ಬೆಳಕು ಹರಿಯುವ ಮೊದಲೇ ಬಾಗಿಲು ತೆರೆಯಬೇಕು. ಆ ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ.

ಸ್ಕೂಟರಿನ ವಿಷಯವನ್ನು ಅವಳು ಮನೆಯಲ್ಲಿ ಮುಚ್ಚಿಡಲಿಲ್ಲ. ಮುಚ್ಚಿಡಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಗಂಡ ಬೈಯಲಿಲ್ಲ, ಗಂಭೀರನಾದ. ಅದು ಬೈಗುಳಕ್ಕಿಂತ ಕಷ್ಟದ್ದು.

"ನಾಳೆ ನಾನೇ ಸರ್ವೀಸ್ ಸೆಂಟರಿಗೆ ಬರ್ತೀನಿ. ಅವರು ಸರಿ ಇದೆ ಅಂದ್ರೆ, ನೀನು ಆ ಶಾಖೆ ಬೇಡ ಅಂತ ಡಾಕ್ಟ್ರಿಗೆ ಹೇಳ್ಬಿಡು. ಕತ್ತಲಲ್ಲಿ, ಆ ರಸ್ತೇಲಿ, ಹೀಗೆಲ್ಲ ಓಡಿಸೋದು ಬೇಡ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಟ್ಟದ್ದು ಕಾರು, ಮನೆಯಲ್ಲಿ ಕೂರಬೇಕಾದವಳು ಅವಳು. ರಾತ್ರಿಯೆಲ್ಲ ಈ ನ್ಯಾಯವನ್ನು ನೆನೆದು ನೆನೆದು ಅವಳು ಮಗ್ಗುಲು ಬದಲಾಯಿಸಿದಳು.

ಸರ್ವೀಸ್ ಸೆಂಟರಿನ ಸೂಪರ್‌ವೈಸರ್ ಟೈ ಕಟ್ಟಿದ, ನಗುಮುಖದ ಮನುಷ್ಯ. ಅವಳು ಹಿಂದೆ ಎರಡು ಸಲ ಬಂದಾಗಲೂ ಇದೇ ನಗುಮುಖದಿಂದ ಬರಿಗೈಯಲ್ಲಿ ಕಳಿಸಿದ್ದ. ಇವತ್ತು ಅವನು ಅವಳತ್ತ ನೋಡದೆ ಗಂಡನ ಜೊತೆ ಮಾತಾಡಿದ. ಮೆಕ್ಯಾನಿಕ್ ಬಂದು ಬಾಗಿಲು ತೆರೆದ, ಬಗ್ಗಿ ಕೆಳಗಿನ ಹಿಡಿ ಎತ್ತಿ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕೂತು, ಒಂದು ಸುತ್ತು ಹಾಕಿಕೊಂಡು ಬಂದ. ಕನ್ನಡಿಗಳು ಕಮಕ್ ಕಿಮಕ್ ಎನ್ನಲಿಲ್ಲ. ಆಮೇಲೆ ಗಂಡನೂ ಒಂದು ಸುತ್ತು ಹೋಗಿ ಬಂದ. ಅವನದು ಹೇಳಿ ಕೇಳಿ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುವ ಎತ್ತರ. ಅವಳು ಹೊರಗೆ ನಿಂತು, ಬರಿಯ ಕಿರಿಕಿರಿಯಿಂದ, ಮತ್ತೆ ತಾನು ಆ ಸೀಟನ್ನು ತುದಿಯವರೆಗೆ ಮುಂದಕ್ಕೆ ಎಳೆದುಕೊಳ್ಳಬೇಕಲ್ಲ ಅಂದುಕೊಂಡಳು. ಅಷ್ಟು ಮುಂದಕ್ಕೆ ಬಾರದಿದ್ದರೆ ಅವಳ ಕಾಲು ಕ್ಲಚ್ಚಿಗೆ ಎಟಕುತ್ತಿರಲಿಲ್ಲ.

"ಎಲ್ಲಾ ಸರಿ ಇದೆ ಸರ್," ಅಂದ ಸೂಪರ್‌ವೈಸರ್. "ಸ್ವಿಚ್ಚು, ಮೋಟಾರು ಎರಡೂ ಸರಿ. ವೈರು ಡ್ರೈವರ್ ಸೀಟಿನ ಕೆಳಗೇ ಹೋಗುತ್ತೆ, ಅದನ್ನೂ ನೋಡಿದ್ವಿ. ಮೇಡಂಗೆ ಇನ್ನೂ ಹೊಸದಲ್ವಾ, ಅಭ್ಯಾಸ ಆಗುತ್ತೆ ಬಿಡಿ."

ಗಂಡ ತಲೆಯಾಡಿಸಿ ಅವಳ ಕಡೆ ತಿರುಗಿದ. "ಕೇಳಿಸ್ಕೊಂಡ್ಯಲ್ಲ. ಡಾಕ್ಟ್ರಿಗೆ ಫೋನ್ ಮಾಡಿಬಿಡು."

ಸೀಟಿನ ಕೆಳಗೆ ಎಂಬ ಮಾತೊಂದೇ ಅವಳ ಕಿವಿಯಲ್ಲಿ ನಿಂತಿತ್ತು. ಮೆಕ್ಯಾನಿಕ್ ಮಾಡಿದ್ದು, ಗಂಡ ಮಾಡಿದ್ದು, ಹಿಂದೆ ಬಂದಾಗಲೂ ಈ ಜನ ಮಾಡಿದ್ದು, ಎಲ್ಲ ಒಂದೇ ಕೆಲಸ. ಕಾರಿಗೆ ಏನಾಗಿದೆಯೆಂದು ನೋಡುವ ಮೊದಲೇ ಪ್ರತಿಯೊಬ್ಬನೂ ಅದನ್ನು ತನಗೆ ಬೇಕಾದ ಹಾಗೆ ಮಾಡಿಕೊಂಡಿದ್ದ. ಸಿಟ್ಟಿನಿಂದ ಅವಳಿಗೆ ನಗು ಬಂತು.

"ಏನಮ್ಮಾ, ಯಾಕೆ ನಗ್ತೀಯ?" ಅಂದ ಗಂಡ.

ಅವಳು ಕಾರಿನೊಳಗೆ ಬಗ್ಗಿ, ಹಿಡಿ ಎತ್ತಿ, ಸೀಟನ್ನು ಕಟಕಟ ಎನ್ನಿಸುತ್ತ ತನ್ನ ಜಾಗಕ್ಕೆ ಎಳೆದಳು. ಕೆಳಗೆಲ್ಲೋ ಏನೋ ಸಿಕ್ಕಿಕೊಂಡು ಬಿಗಿದ ಹಾಗಾಯಿತು.

"ಈಗ ನೀವು ಓಡಿಸಿ. ಸೀಟು ಮುಟ್ಟಬೇಡಿ."

"ತಲೆ ಕೆಟ್ಟಿದೆಯಾ? ನನ್ನ ಕಾಲು ಎಲ್ಲಿ ಇಟ್ಕೊಳ್ಳಲಿ?"

"ನಾನು ಕೂರೋ ಜಾಗದಲ್ಲಿ ಇವತ್ತಿನವರೆಗೂ ಒಬ್ರೂ ಕೂತಿಲ್ಲ ರೀ. ಎಲ್ರೂ ಹಿಂದಕ್ಕೆ ತಳ್ಕೊಂಡು ಕೂತು, ಸರಿ ಇದೆ, ಸರಿ ಇದೆ ಅಂತೀರ. ಮನೆವರೆಗೆ ಹೀಗೇ ಓಡಿಸಿ. ಏನೂ ಆಗಲಿಲ್ಲ ಅಂದ್ರೆ ಮನೆ ಬಾಗಿಲಲ್ಲೇ ನಿಂತು ಡಾಕ್ಟ್ರಿಗೆ ಫೋನ್ ಮಾಡ್ತೀನಿ. ಆಮೇಲೆ ಈ ಮಾತೇ ಎತ್ತಲ್ಲ."

ಟೈ ಕಟ್ಟಿದವನು ನಗುಮುಖವನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ. ನಾಲ್ಕು ಜನರೆದುರು ಗಂಡನಿಗೆ ಬೇಡ ಅನ್ನಲಾಗಲಿಲ್ಲ. ಒಂದು ಕಾಲನ್ನು ಒಳಗಿಟ್ಟು, ಇನ್ನೊಂದನ್ನು ಕೈಯಿಂದ ಎತ್ತಿ ತುರುಕಿ ಕೂತ. ಮೊಣಕಾಲುಗಳು ಸ್ಟಿಯರಿಂಗಿನ ಎರಡೂ ಬದಿಗೆ ಎದ್ದು ನಿಂತವು. ತಲೆ ಚಾವಣಿಗೆ ತಾಕುತ್ತಿತ್ತು. ಒಳಗಿನ ಕನ್ನಡಿ ಅವನ ಕಿವಿಯ ಪಕ್ಕಕ್ಕೆ ಬಂದುಬಿಟ್ಟಿದ್ದರಿಂದ ಅದರಲ್ಲಿ ಅವನಿಗೆ ಹಿಂದಿನ ಸೀಟಿನ ಮೂಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅವಳು ಪಕ್ಕದಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೊದಲ ಸಿಗ್ನಲ್ ದಾಟಿದರು. ಏನೂ ಆಗಲಿಲ್ಲ. ಮಾರುಕಟ್ಟೆಯ ರಸ್ತೆಯ ಗುಂಡಿಗಳನ್ನೂ ದಾಟಿದರು. ಗಂಡ ಹಲ್ಲು ಕಚ್ಚಿಕೊಂಡು ಗೇರ್ ಬದಲಾಯಿಸುತ್ತಿದ್ದ, ಪ್ರತಿ ಸಲವೂ ಅವನ ಮೊಣಕಾಲಿಗೆ ಕೈ ಬಡಿಯುತ್ತಿತ್ತು. ಎಲ್ಲಿ ಹೋಯಿತು ಇವುಗಳ ಆಟ? ಬೇಡವಾದಾಗ ಮುಖ ಮುಚ್ಚಿಕೊಳ್ಳುವ ಈ ಶನಿಗಳು ಬೇಕಾದಾಗ ಕಣ್ಣರಳಿಸಿ ಕೂತಿದ್ದವು. ಡಾಕ್ಟರಿಗೆ ಹೇಳಬೇಕಾದ ಮಾತನ್ನು ಅವಳು ಮನಸ್ಸಿನಲ್ಲೇ ಜೋಡಿಸತೊಡಗಿದಳು.

ದೊಡ್ಡ ರಸ್ತೆಯಲ್ಲಿ ಎಡಕ್ಕೆ ಸರಿದು ಮನೆಯ ಬೀದಿಗೆ ತಿರುಗಬೇಕಿತ್ತು. ಅಲ್ಲಿ ಪೈಪಿಗಾಗಿ ಅಗೆದು ಮುಚ್ಚಿದ್ದ ಪಟ್ಟಿಯ ಮೇಲೆ ಕಾರು ದಡಕ್ಕೆಂದಿತು. ಗುರ್ರೆಂದು ಎರಡೂ ಕನ್ನಡಿಗಳು ಒಳಕ್ಕೆ ಬಂದು ಮಡಚಿಕೊಂಡವು.

ಗಂಡ ಬ್ರೇಕ್ ಒತ್ತಿದ. ಬಟನ್ ಒತ್ತಿದ. ಮತ್ತೆ ಒತ್ತಿದ. ಬಲಗಡೆ ನೋಡಿದ, ಎಡಗಡೆ ನೋಡಿದ, ಕತ್ತನ್ನು ಹಿಂದಕ್ಕೆ ತಿರುಗಿಸಲು ಹೋದರೆ ಮೊಣಕಾಲು ಬಿಡಲಿಲ್ಲ. ಹಿಂದೆ ಹಾರ್ನುಗಳು ಶುರುವಾದವು. ಅವಳು "ನೋಡಿದ್ರಾ" ಎಂದು ಕೇಳಬೇಕೆಂದು ಎಷ್ಟೋ ದಿನದಿಂದ ಕಾದಿದ್ದಳು. ಕೇಳಲಿಲ್ಲ.

"ಎಡಕ್ಕೆ ಏನಾದ್ರೂ ಬರ್ತಿದೆಯಾ?" ಅಂದ ಗಂಡ.

ಅವಳು ಗಾಜನ್ನು ಇಳಿಸಿ, ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದಳು.

"ಲಾರಿ ಬರ್ತಿದೆ. ಇರಿ."

ಲಾರಿ ಕಾರನ್ನು ಅಲುಗಿಸುತ್ತ ಹಾದುಹೋಯಿತು. ಅದು ಹೋದದ್ದನ್ನು ಕಂಡರೂ ಅವನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

"ಈಗ?"

"ಇನ್ನೂ ಇಲ್ಲ."

ಹಿಂದಿನವರು ಹಾರ್ನು ಒತ್ತುತ್ತಲೇ ಇದ್ದರು. ಅವಳು ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಗಂಡ ಮೊಣಕಾಲುಗಳ ನಡುವೆ ಸ್ಟಿಯರಿಂಗ್ ಹಿಡಿದು, ಅವಳು ಹೇಳುವವರೆಗೂ ಕಾದು ಕೂತ.